ಇಂಧನ ದುಬಾರಿಯಾದಾಗ ಅಗ್ಗದ ವಿಮಾನವೋ, ಪೂರ್ಣ ಸೇವೆಯ ವಿಮಾನವೋ?

ವಿಮಾನ ಸೇವೆಗಳನ್ನು ವಿಮರ್ಶಿಸುವಾಗ ಆಸನದ ಅಗಲ, ಊಟದ ರುಚಿ, ಸಿಬ್ಬಂದಿಯ ಸೌಜನ್ಯ ಮತ್ತು ಸಮಯಪಾಲನೆಯ ಬಗ್ಗೆ ಬರೆಯುವುದು ವಾಡಿಕೆ. ನಾನು ಇಲ್ಲಿ ಅಳೆಯಲು ಹೊರಟಿರುವುದು ಬೇರೊಂದು ಗುಣವನ್ನು. ಇಂಧನದ ಬೆಲೆ ಏರಿದಾಗ ಆ ಹೊರೆಯನ್ನು ಅಗ್ಗದ ದರದ ಕಂಪನಿಗಳು ಮತ್ತು ಪೂರ್ಣ ಸೇವೆಯ ಕಂಪನಿಗಳು ಪ್ರಯಾಣಿಕರಿಗೆ ಯಾವ ರೀತಿಯಲ್ಲಿ ದಾಟಿಸುತ್ತವೆ, ಅಂಥ ಕಾಲದಲ್ಲಿ ಯಾರ ಟಿಕೆಟ್ ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತದೆ ಎಂಬುದು ನನ್ನ ಪ್ರಶ್ನೆ.

ವಿಮಾನ ಕಂಪನಿಯ ಒಟ್ಟು ವೆಚ್ಚದಲ್ಲಿ ಇಂಧನದ ಪಾಲು ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ, ಬೆಲೆ ಏರಿದ ವರ್ಷಗಳಲ್ಲಿ ಮೂರನೇ ಒಂದು ಭಾಗವನ್ನೂ ಮುಟ್ಟುತ್ತದೆ. ಅಗ್ಗದ ದರದ ಕಂಪನಿಗಳು ಒಂದೇ ಮಾದರಿಯ ವಿಮಾನಗಳನ್ನು ಇಟ್ಟುಕೊಂಡು, ನಿಲ್ದಾಣದಲ್ಲಿ ನಿಲ್ಲುವ ಸಮಯವನ್ನು ಕಡಿತಗೊಳಿಸಿ, ಊಟೋಪಚಾರವನ್ನು ಬಿಟ್ಟು, ಬೋಯಿಂಗ್ 737-800ರಂಥ ವಿಮಾನದಲ್ಲಿ 189 ಆಸನಗಳನ್ನು ಕೂರಿಸಿ ಉಳಿತಾಯ ಮಾಡುತ್ತವೆ. ಆಸನಗಳು ಹೆಚ್ಚಿರುವುದರಿಂದ ತಲಾ ಇಂಧನವೂ ತುಸು ಕಡಿಮೆಯಾಗುತ್ತದೆ. ಆದರೆ ಉಳಿದ ಖರ್ಚುಗಳನ್ನು ಒತ್ತಿದಷ್ಟು ಇಂಧನದ ಖರ್ಚನ್ನು ಒತ್ತಲು ಯಾರಿಂದಲೂ ಸಾಧ್ಯವಿಲ್ಲ. ಕಲ್ಪಿತ ಲೆಕ್ಕವೊಂದನ್ನು ನೋಡಿ: ಪೂರ್ಣ ಸೇವೆಯ ಆಸನಕ್ಕೆ ತಗಲುವ ವೆಚ್ಚ 100, ಅದರಲ್ಲಿ ಇಂಧನ 25 ಎಂದುಕೊಳ್ಳೋಣ. ಅಗ್ಗದ ಆಸನಕ್ಕೆ ತಗಲುವ ವೆಚ್ಚ 60, ಅದರಲ್ಲಿ ಇಂಧನ 22 ಇರಲಿ. ಇಂಧನದ ಬೆಲೆ ಇಮ್ಮಡಿಯಾದರೆ ಮೊದಲನೆಯದು 125 ಆಗುತ್ತದೆ, ಎರಡನೆಯದು 82 ಆಗುತ್ತದೆ. ಏರಿಕೆ ಅಲ್ಲಿ ಶೇ 25, ಇಲ್ಲಿ ಸುಮಾರು ಶೇ 37. ಅಗ್ಗದ ಟಿಕೆಟ್ ಈಗಲೂ ಅಗ್ಗವೇ, ಆದರೆ ಮೊದಲಿದ್ದಷ್ಟು ಪ್ರಮಾಣದಲ್ಲಿ ಅಲ್ಲ. ಅದರ ಗ್ರಾಹಕರಲ್ಲಿ ಬಹುಪಾಲು ಜನ ದರ ನೋಡಿಯೇ ಪ್ರಯಾಣ ನಿರ್ಧರಿಸುವವರಾದ್ದರಿಂದ, ದರ ಏರಿತೆಂದರೆ ಅವರು ಬೇರೆ ಕಂಪನಿಗೆ ಹೋಗುವುದಕ್ಕಿಂತ ಪ್ರಯಾಣವನ್ನೇ ಕೈಬಿಡುವ ಸಂಭವ ಹೆಚ್ಚು. ಪೂರ್ಣ ಸೇವೆಯ ಕಂಪನಿಗೆ ಬಿಸಿನೆಸ್ ದರ್ಜೆಯ ಪ್ರಯಾಣಿಕರ ಆಸರೆಯಾದರೂ ಇದೆ.

ಹೀಗಾಗಿ ಏರಿಕೆಯು ಮೂಲ ದರದಲ್ಲಿ ಕಾಣಿಸಿಕೊಳ್ಳುವ ಬದಲು ಬೇರೆ ಬಾಗಿಲುಗಳಿಂದ ಒಳಬರುತ್ತದೆ. 2008ರ ಜುಲೈನಲ್ಲಿ ಕಚ್ಚಾತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್-ಇನ್ ಬ್ಯಾಗಿಗೆ 15 ಡಾಲರ್ ಶುಲ್ಕ ವಿಧಿಸಿತು. ಡಿಸೆಂಬರ್ ಹೊತ್ತಿಗೆ ತೈಲ 40 ಡಾಲರ್‌ಗಿಂತ ಕೆಳಗಿಳಿದರೂ ಬ್ಯಾಗಿನ ಶುಲ್ಕ ಉಳಿದುಕೊಂಡಿತು. ಆ ಕ್ರಮ ಕೈಗೊಂಡದ್ದು ಪೂರ್ಣ ಸೇವೆಯ ಕಂಪನಿ ಎಂಬುದನ್ನು ಗಮನಿಸಬೇಕು. ಎರಡು ಬಗೆಯ ಸೇವೆಗಳ ನಡುವಿನ ಗೆರೆ ಮಸುಕಾಗುವಲ್ಲಿ ಇಂಧನದ ಪಾತ್ರ ದೊಡ್ಡದು. 2010ರಲ್ಲಿ ಅಗ್ಗದ ದರದ ಸ್ಪಿರಿಟ್ ಏರ್‌ಲೈನ್ಸ್ ಇನ್ನೂ ಮುಂದೆ ಹೋಗಿ, ತಲೆಯ ಮೇಲಿನ ಕಪಾಟಿನಲ್ಲಿಡುವ ಚೀಲಕ್ಕೂ ಹಣ ಕೇಳಿತು.

ಶುಲ್ಕಗಳ ವಿಷಯದಲ್ಲಿ ನಾನು ಅಗ್ಗದ ಕಂಪನಿಗಳ ಬಗ್ಗೆ ಕಠಿಣವಾಗಿರಲಾರೆ. ಬ್ಯಾಗು ಬೇಡದವರು ಹಣ ತೆರಬೇಕಾಗಿಲ್ಲ, ಜೊತೆಗೆ ತೂಕ ಕಡಿಮೆಯಾದರೆ ಇಂಧನವೂ ಉಳಿಯುತ್ತದೆ. ನನಗೆ ಒಪ್ಪಿಗೆಯಾಗದಿರುವುದು ಹಲವು ಪೂರ್ಣ ಸೇವೆಯ ಕಂಪನಿಗಳ ಇಂಧನ ಸರ್‌ಚಾರ್ಜ್. ಇಂಧನವಿಲ್ಲದೆ ಹಾರುವ ವಿಮಾನವಿಲ್ಲ. ಅಂದ ಮೇಲೆ ಅದರ ಖರ್ಚನ್ನು ದರದಿಂದ ಬೇರ್ಪಡಿಸಿ ತೋರಿಸುವುದಕ್ಕೆ ಪ್ರಯಾಣಿಕನ ದೃಷ್ಟಿಯಿಂದ ಯಾವ ಸಮರ್ಥನೆಯೂ ಇಲ್ಲ. ನಿಷ್ಠಾವಂತ ಗ್ರಾಹಕರು ವರ್ಷಗಟ್ಟಲೆ ಕೂಡಿಟ್ಟ ಮೈಲುಗಳಿಂದ, ಅಂದರೆ ಹಾರಾಟಕ್ಕೆ ಬಹುಮಾನವಾಗಿ ಸಿಗುವ ಅಂಕಗಳಿಂದ, ಉಚಿತ ಟಿಕೆಟ್ ಪಡೆದಾಗಲೂ ಈ ಸರ್‌ಚಾರ್ಜನ್ನು ನಗದಾಗಿ ತೆರಬೇಕಾದ ಸಂದರ್ಭಗಳಿವೆ. ತೈಲ ಇಳಿದಾಗ ಈ ಮೊತ್ತ ಅದೇ ವೇಗದಲ್ಲಿ ಇಳಿಯುವುದೂ ಇಲ್ಲ.

ಮುಂದಿನ ತಿಂಗಳುಗಳ ಇಂಧನದ ಬೆಲೆಯನ್ನು ಇಂದೇ ನಿಗದಿಪಡಿಸಿಕೊಳ್ಳುವ ಹೆಡ್ಜಿಂಗ್ ಒಪ್ಪಂದಗಳು ಕಂಪನಿಗಳ ಅದೃಷ್ಟವನ್ನೇ ಬದಲಿಸಿದ್ದುಂಟು. ಅಗ್ಗದ ದರದ ಸೌತ್‌ವೆಸ್ಟ್ ಏರ್‌ಲೈನ್ಸ್ 2008ರಲ್ಲಿ ತನಗೆ ಬೇಕಾದ ಇಂಧನದ ಬಹುಪಾಲನ್ನು ಬ್ಯಾರೆಲ್‌ಗೆ ಸುಮಾರು 51 ಡಾಲರ್ ಲೆಕ್ಕದಲ್ಲಿ ಕಾಯ್ದಿರಿಸಿಕೊಂಡಿತ್ತು. ಪೂರ್ಣ ಸೇವೆಯ ಕ್ಯಾಥೆ ಪೆಸಿಫಿಕ್ 2016ರಲ್ಲಿ, ತೈಲದ ಬೆಲೆ ನಿಗದಿಪಡಿಸಿಕೊಂಡದ್ದಕ್ಕಿಂತ ಕೆಳಗಿದ್ದುದರಿಂದ, ಇಂಥದೇ ಒಪ್ಪಂದಗಳಲ್ಲಿ 800 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಪ್ರಯಾಣಿಕನಿಗೆ ಇದರಿಂದ ಸಿಗುವುದು ಸ್ವಲ್ಪ ಕಾಲದ ಸ್ಥಿರತೆ ಮಾತ್ರ. ಟಿಕೆಟ್ ದರವನ್ನು ಕೊನೆಗೆ ನಿರ್ಧರಿಸುವುದು ಆ ಮಾರ್ಗದಲ್ಲಿರುವ ಪೈಪೋಟಿಯೇ.

ದರಕ್ಕಿಂತ ಹೆಚ್ಚು ತೂಗಬೇಕಾದದ್ದು ಭರವಸೆ. ಇಂಧನ ತುಟ್ಟಿಯಾದಾಗ ಲಾಭವಿಲ್ಲದ ಮಾರ್ಗಗಳು ಮೊದಲು ರದ್ದಾಗುತ್ತವೆ. ಸಿಂಗಪುರ್ ಏರ್‌ಲೈನ್ಸ್‌ನಂಥ ಸಂಸ್ಥೆಯೇ ನಾಲ್ಕು ಎಂಜಿನ್‌ಗಳ ಎ340-500 ವಿಮಾನದಲ್ಲಿ ನಡೆಸುತ್ತಿದ್ದ ಸಿಂಗಪುರ–ನೆವಾರ್ಕ್ ನೇರ ಹಾರಾಟವನ್ನು 2013ರಲ್ಲಿ ನಿಲ್ಲಿಸಿ, ಕಡಿಮೆ ಇಂಧನ ಬೇಡುವ ಎ350 ಬಂದ ಮೇಲೆ 2018ರಲ್ಲಿ ಮತ್ತೆ ಆರಂಭಿಸಿತು. ಆದರೆ ದೊಡ್ಡ ಕಂಪನಿ ಮಾರ್ಗವನ್ನು ನಿಲ್ಲಿಸಿದರೆ ಪ್ರಯಾಣಿಕನಿಗೆ ಇನ್ನೊಂದು ನಗರದ ಮೂಲಕವೋ ಪಾಲುದಾರ ಸಂಸ್ಥೆಯ ವಿಮಾನದಲ್ಲೋ ದಾರಿ ತೋರಿಸಬಲ್ಲದು. 2008ರಲ್ಲಿ ಒಯಾಸಿಸ್ ಹಾಂಗ್‌ಕಾಂಗ್ ಮತ್ತು ಝೂಮ್ ಎಂಬ ದೂರ ಹಾರಾಟದ ಅಗ್ಗದ ಕಂಪನಿಗಳು ಮುಚ್ಚಿದಾಗ ಟಿಕೆಟ್ ಕೊಂಡವರಿಗೆ ಅಂಥ ದಾರಿ ಇರಲಿಲ್ಲ.

ಎರಡು ಗಂಟೆಯೊಳಗಿನ ಹಾರಾಟಕ್ಕೆ, ಕೈಚೀಲವಷ್ಟೇ ಇದ್ದರೆ, ತೈಲ ಎಷ್ಟೇ ಏರಿರಲಿ ನನ್ನ ಆಯ್ಕೆ ಅಗ್ಗದ ಕಂಪನಿಯೇ. ಅದರಲ್ಲೂ ಹಿಂದಿನ ಪೀಳಿಗೆಗಿಂತ ಸುಮಾರು ಶೇ 15ರಷ್ಟು ಕಡಿಮೆ ಇಂಧನ ಸುಡುವ ಎ320 ನಿಯೋದಂಥ ಹೊಸ ವಿಮಾನಗಳಿರುವ ಕಂಪನಿ. ದೂರದ ಹಾರಾಟಕ್ಕೆ ನನ್ನ ತೀರ್ಪು ಬೇರೆ. ದೂರ ಹೆಚ್ಚಿದಂತೆ ಇಂಧನವನ್ನು ಹೊರುವುದಕ್ಕೇ ಇಂಧನ ಬೇಕಾಗುತ್ತದೆ, ನಿಲ್ದಾಣದಿಂದ ಬೇಗ ಹೊರಡುವ ಜಾಣ್ಮೆಯ ಲಾಭ ಕರಗುತ್ತದೆ, ಅಗ್ಗದ ಕಂಪನಿಯ ಮುನ್ನಡೆ ಅಲ್ಲಿಯೇ ಅತಿ ಕಡಿಮೆ. ಬ್ಯಾಗು, ಊಟ ಮತ್ತು ಆಸನದ ಆಯ್ಕೆಯ ಶುಲ್ಕವನ್ನು ಕೂಡಿಸಿದ ಮೇಲೂ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಉಳಿಯದಿದ್ದರೆ ನಾನು ಪೂರ್ಣ ಸೇವೆಯ ಟಿಕೆಟನ್ನೇ ಕೊಳ್ಳುತ್ತೇನೆ.