ಸ್ವಿಸ್ ಟ್ರಾವೆಲ್ ಪಾಸ್: ಎಂಟು ದಿನ, ನಾವಿಬ್ಬರು, ಒಂದು ಡಬ್ಬಿ ಪುಳಿಯೋಗರೆ

ನಮ್ಮ ಮನೆಯವರು 34 ವರ್ಷ ರೈಲ್ವೆಯಲ್ಲಿದ್ದರು. ಸ್ಟೇಷನ್ ಮಾಸ್ಟರ್. ಅದರಲ್ಲಿ ನಾಲ್ಕು ಮಳೆಗಾಲ ಎಡಕುಮೇರಿಯಲ್ಲೇ ಕಳೆದವು. ಸಕಲೇಶಪುರ ಘಾಟಿಯ ಮಧ್ಯೆ ಕಾಡಿನಲ್ಲಿರುವ ಸ್ಟೇಷನ್ ಅದು. ಊಟದ ಸಾಮಾನು ಕೂಡ ಗಾಡಿಯಲ್ಲೇ ಬರಬೇಕಿತ್ತು. ನಾನು ಮಕ್ಕಳನ್ನು ಕಟ್ಟಿಕೊಂಡು ಸಕಲೇಶಪುರದ ಕ್ವಾರ್ಟರ್ಸ್‌ನಲ್ಲಿರುತ್ತಿದ್ದೆ. ಅಷ್ಟು ವರ್ಷ ಬೇರೆಯವರ ಗಾಡಿಗೆ ಹಸಿರು ಬಾವುಟ ತೋರಿಸಿದ ಮನುಷ್ಯ, ಕಿಟಕಿ ಪಕ್ಕ ನಿಶ್ಚಿಂತೆಯಾಗಿ ಕೂತು ನನ್ನ ಜೊತೆ ಪ್ರಯಾಣ ಮಾಡಿದ್ದು ಬೆರಳೆಣಿಕೆಯಷ್ಟು ಸಲ. ಅದಕ್ಕೇ 2024ರ ಜೂನ್‌ನಲ್ಲಿ ನಾವಿಬ್ಬರೂ ಮೊದಲ ಸಲ ವಿದೇಶಕ್ಕೆ, ಸ್ವಿಟ್ಜರ್ಲೆಂಡಿಗೆ ಹೊರಟಾಗ ಮಗಳು ಟೂರ್ ಪ್ಯಾಕೇಜ್ ಬೇಡ ಎಂದಳು. ತಲಾ ಎಂಟು ದಿನದ ಸ್ವಿಸ್ ಟ್ರಾವೆಲ್ ಪಾಸ್ ಕೊಂಡು ಮೊಬೈಲಿಗೆ ಕಳಿಸಿದಳು.

ಎರಡನೇ ದರ್ಜೆ, ಒಬ್ಬರಿಗೆ 419 ಫ್ರಾಂಕ್. ಆಗಿನ ಲೆಕ್ಕದಲ್ಲಿ 39 ಸಾವಿರ ರೂಪಾಯಿ ಹತ್ತಿರ. ಕೇಳಿ ನನಗೆ ಎದೆ ಧಸಕ್ಕೆಂದಿತು. ಆದರೆ ಆ ದೇಶದಲ್ಲಿ ಟಿಕೆಟ್ ದರ ನೋಡಿದ ಮೇಲೆ ಸಮಾಧಾನ ಆಯಿತು. ರೈಲು, ಊರೊಳಗಿನ ಬಸ್ಸು, ಟ್ರಾಮ್, ಹಳದಿ ಪೋಸ್ಟ್ ಬಸ್ಸು, ಕೆರೆಯ ಮೇಲಿನ ದೋಣಿ, ಎಲ್ಲದಕ್ಕೂ ಅದೊಂದೇ ಪಾಸು. ಟಿಸಿ ಬಂದರೆ ಮೊಬೈಲಿನ ಕ್ಯೂಆರ್ ಕೋಡ್ ತೋರಿಸಬೇಕು, ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು. ಅಷ್ಟೇ.

ಈ ಪಾಸಿನ ನಿಜವಾದ ಬೆಲೆ ನಮಗೆ ಗೊತ್ತಾಗಿದ್ದು ಎರಡನೇ ದಿನ, ತಪ್ಪು ಮಾಡಿದಾಗ. ಜೂರಿಕ್‌ನಿಂದ ಇಂಟರ್‌ಲಾಕೆನ್‌ಗೆ ಹೊರಟಿದ್ದೆವು. ಸ್ಪೀಟ್ಸ್ ಎಂಬ ಸ್ಟೇಷನ್ನಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಹೊಟ್ಟೆ ಹಸಿದಿತ್ತು, ಪುಳಿಯೋಗರೆ ಡಬ್ಬಿ ತೆಗೆದೆವು. ಬೆಳಿಗ್ಗೆ ರೂಮಿನ ಅಡುಗೆಮನೆಯಲ್ಲಿ ಅನ್ನ ಮಾಡಿ ಊರಿಂದ ತಂದ ಗೊಜ್ಜು ಕಲಸಿದ್ದೆ. ತಿನ್ನುತ್ತಾ ಕಿಟಕಿಯಾಚೆ ನೀಲಿ ಕೆರೆ ನೋಡುತ್ತಾ ಕೂತೆವು. ಗಾಡಿ ನಿಂತಿತು, ಹೊರಟಿತು. ಸ್ವಲ್ಪ ಹೊತ್ತಿಗೆ ಪೂರ್ತಿ ಕತ್ತಲು.

“ರೀ, ಇದು ಯಾವ ಸುರಂಗ?” ಅಂದೆ. ಮೊಬೈಲ್ ನೋಡಿದರು. ಇಳಿಯಬೇಕಾದ ಸ್ಟೇಷನ್ ಹಿಂದೆ ಹೋಗಿತ್ತು. ನಾವಿದ್ದದ್ದು ಲಾಟ್ಷ್‌ಬರ್ಗ್ ಬೇಸ್ ಸುರಂಗದಲ್ಲಿ. 2007ರಲ್ಲಿ ಶುರುವಾದದ್ದು, ಉದ್ದ 34.6 ಕಿಲೋಮೀಟರ್. ನನಗೆ ಕೈಕಾಲು ತಣ್ಣಗಾಯಿತು, ಇವರ ಮುಖ ಮಾತ್ರ ಅರಳಿತು. “ನಮ್ಮ ಘಾಟಿಯ 57 ಸುರಂಗ ಸೇರಿಸಿದರೂ ಇದರ ಅರ್ಧ ಆಗಲ್ಲ ಕಣೇ” ಅಂತ ಗಾಜಿಗೆ ಮುಖ ಹಚ್ಚಿ ಕೂತರು. ಅಷ್ಟರಲ್ಲಿ ಟಿಸಿ ಹೆಣ್ಣುಮಗಳು ಬಂದಳು. ದಂಡ ಹಾಕುತ್ತಾಳೆ ಅಂದುಕೊಂಡೆ. ಪಾಸ್ ನೋಡಿ ನಕ್ಕಳು. ಮುಂದಿನ ಸ್ಟೇಷನ್ ಫಿಸ್ಪ್, ಅಲ್ಲಿಳಿದು ವಾಪಸ್ ಗಾಡಿ ಹತ್ತಿ ಅಂದಳು. ಒಂದು ಫ್ರಾಂಕ್ ಕೂಡ ಹೆಚ್ಚಿಗೆ ಕೊಡಲಿಲ್ಲ. ಬಿಡಿ ಟಿಕೆಟ್ ಇದ್ದಿದ್ದರೆ ಹೋಗುವುದಕ್ಕೂ ಬರುವುದಕ್ಕೂ ಕೈಯಿಂದ ಕಟ್ಟಬೇಕಿತ್ತು, ಅಲ್ವಾ?

ವಾಪಸ್ ಸ್ಪೀಟ್ಸ್‌ಗೆ ಬಂದಾಗ ನಾನು ಹೇಳಿದೆ, ಹೇಗೂ ತಡವಾಗಿದೆ, ದೋಣಿಯಲ್ಲೇ ಹೋಗೋಣ. ಸ್ಟೇಷನ್ ಎತ್ತರದಲ್ಲಿದೆ, ಕೆರೆ ಕೆಳಗೆ. ಸೂಟ್‌ಕೇಸ್ ಉರುಳಿಸಿಕೊಂಡು ಇಳಿದು ಟೂನ್ ಕೆರೆಯ ದೋಣಿ ಹತ್ತಿದೆವು. ಅದಕ್ಕೂ ಅದೇ ಪಾಸು. ಕೊನೆಯಲ್ಲಿ ದೋಣಿ ಸಣ್ಣ ಕಾಲುವೆಯೊಳಗೆ ನುಗ್ಗಿ ಇಂಟರ್‌ಲಾಕೆನ್ ವೆಸ್ಟ್ ಸ್ಟೇಷನ್ನಿನ ಹಿಂದೆಯೇ ಬಿಡುತ್ತದೆ. ಗಾಳಿ, ಬಿಸಿಲು, ಹಸಿರು ದಡ. ಆ ದಿನ ಇವರಿಗೆ ಸುರಂಗ ಸಿಕ್ಕಿತು, ನನಗೆ ಕೆರೆ ಸಿಕ್ಕಿತು. ಎಂಟು ದಿನದಲ್ಲಿ ಅತಿ ಚೆಂದದ ದಿನ ಯಾವುದು ಅಂದರೆ ನಾನು ಅದನ್ನೇ ಹೇಳುತ್ತೇನೆ.

ರಿಗಿ ಬೆಟ್ಟಕ್ಕೆ ಎರಡು ಸಲ ಹೋದೆವು. ಲೂಸರ್ನ್‌ನಿಂದ ದೋಣಿಯಲ್ಲಿ ಒಂದು ಗಂಟೆ ಹೋದರೆ ವಿಟ್ಸ್‌ನೌ. ಅಲ್ಲಿಂದ ಕೆಂಪು ಹಲ್ಲುಗಾಲಿ ರೈಲು ಬೆಟ್ಟ ಹತ್ತುತ್ತದೆ. 1871ರದು, ಯುರೋಪಿನ ಮೊದಲ ಬೆಟ್ಟದ ರೈಲು. ಪಾಸಿನಲ್ಲಿ ಪೂರ್ತಿ ಉಚಿತ. ಎಲ್ಲರೂ ಕಿಟಕಿ ಸೀಟಿಗೆ ಓಡಿದರೆ ಇವರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ನನ್ನನ್ನೂ ಕರೆದರು. ಎರಡು ಹಳಿಗಳ ಮಧ್ಯೆ ಇನ್ನೊಂದು ಕಬ್ಬಿಣದ ಪಟ್ಟಿ, ಏಣಿಯನ್ನು ನೆಲಕ್ಕೆ ಮಲಗಿಸಿದ ಹಾಗೆ. ಒಂದೊಂದು ಮೆಟ್ಟಿಲಿಗೂ ಕಪ್ಪು ಗ್ರೀಸ್ ಮೆತ್ತಿತ್ತು. ಇಂಜಿನ್ ಅಡಿಯ ಹಲ್ಲಿನ ಚಕ್ರ ಆ ಮೆಟ್ಟಿಲುಗಳನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. “ನಮ್ಮ ಘಾಟಿಯಲ್ಲಿ 50 ಅಡಿ ಹೋದರೆ ಒಂದಡಿ ಏರು. ಅಷ್ಟಕ್ಕೇ ಹಿಂದೆ ಬ್ಯಾಂಕರ್ ಇಂಜಿನ್ ಹಾಕಿ ತಳ್ಳಿಸುತ್ತಿದ್ದೆವು. ಇಲ್ಲಿ ನಾಲ್ಕಡಿಗೆ ಒಂದಡಿ!” ಅಂದರು. ಇಷ್ಟು ವರ್ಷ ಅವರ ಕೆಲಸದ ಮಾತು ನನಗೆ ಬರೀ ಕಿವಿ ಮೇಲಿನ ಮಾತಾಗಿತ್ತು. ಆ ಏಣಿ ನೋಡಿದಾಗ ಮಳೆಯಲ್ಲಿ ಅವರು ಏನು ಕಾಯುತ್ತಿದ್ದರು ಅನ್ನುವುದು ಅರ್ಥವಾಯಿತು.

ಸ್ಟೇಷನ್ ಗಡಿಯಾರದ ಬಗ್ಗೆ ಹೇಳದಿದ್ದರೆ ಇವರು ಒಪ್ಪುವುದಿಲ್ಲ. ಎಲ್ಲ ಸ್ಟೇಷನ್ನಿನಲ್ಲೂ ಒಂದೇ ತರಹದ್ದು. ಬಿಳಿ ಮುಖ, ಕಪ್ಪು ಮುಳ್ಳು, ಸೆಕೆಂಡಿನದು ಮಾತ್ರ ಕೆಂಪು, ತುದಿಯಲ್ಲಿ ದುಂಡು ಬಿಲ್ಲೆ. ಹಿಂದೆ ಅಲ್ಲಿನ ಸ್ಟೇಷನ್ ಮಾಸ್ಟರ್ ಗಾಡಿ ಬಿಡಲು ಎತ್ತಿ ತೋರಿಸುತ್ತಿದ್ದ ಕೋಲಿನ ಆಕಾರವಂತೆ ಅದು. ಆ ಕೆಂಪು ಮುಳ್ಳು 58 ಸೆಕೆಂಡ್ ಚಿಲ್ಲರೆಗೇ ಸುತ್ತು ಮುಗಿಸಿ 12ರ ಮೇಲೆ ನಿಂತುಬಿಡುತ್ತದೆ. ನಿಮಿಷದ ಮುಳ್ಳು ಟಕ್ ಅಂತ ಮುಂದೆ ಹಾರಿದ ಮೇಲೆಯೇ ಮತ್ತೆ ಹೊರಡುವುದು. “ಲೈನ್ ಕ್ಲಿಯರ್ ಕಾಯುತ್ತಿದೆ ನೋಡು” ಅಂದರು ಇವರು. ಗಾಡಿ ಬಿಡಲು ಮುಂದಿನ ಸ್ಟೇಷನ್ ಕೊಡುವ ಒಪ್ಪಿಗೆ ಅದು. ಆಮೇಲೆ ಪ್ರತಿ ಸ್ಟೇಷನ್ನಿನಲ್ಲೂ ಇಬ್ಬರೂ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆವು.

ಇನ್ನು ಪಾಸಿನ ಕೊರತೆಗಳು. ದಿನಗಳು ಒಂದರ ಹಿಂದೊಂದು ಓಡುತ್ತವೆ. ನಮಗೆ ಎರಡು ದಿನ ಜೋರು ಮಳೆ. ರೂಮಿನಲ್ಲೇ ಕೂತರೂ ಪಾಸಿನ ದಿನ ಹೋಯಿತು ಅಂತಲೇ. 500ಕ್ಕೂ ಹೆಚ್ಚು ಮ್ಯೂಸಿಯಂಗಳಿಗೆ ಪ್ರವೇಶ ಇದೆ ನಿಜ. ಆದರೆ ಇವರು ಆಸೆಪಟ್ಟು ಹೋದ ಲೂಸರ್ನ್‌ನ ಸಾರಿಗೆ ಮ್ಯೂಸಿಯಂಗೆ ಪಾಸಿದ್ದರೂ ಅರ್ಧ ದುಡ್ಡು ಕೊಡಬೇಕು. ಕೊಟ್ಟೆವು, ಇಡೀ ದಿನ ಕಳೆದೆವು, ಬೇಸರ ಇಲ್ಲ.

ಬೆಂಗಳೂರಿನಲ್ಲಿ ಒಬ್ಬ ಏಜೆಂಟ್ “ಈ ಪಾಸ್ ಇದ್ದರೆ ಎಲ್ಲ ಬೆಟ್ಟವೂ ಫ್ರೀ” ಅಂದಿದ್ದರು. ಅದು ಸುಳ್ಳು. ರಿಗಿ ಥರ ಕೆಲವು ಮಾತ್ರ ಪೂರ್ತಿ ಉಚಿತ. ರೈಲು ಹಿಮದವರೆಗೂ ಹತ್ತುವ ಯುಂಗ್‌ಫ್ರೌಯೋಕ್‌ಗೆ ಬರೀ 25 ಪರ್ಸೆಂಟ್ ಕಡಿತ. ಉಳಿದ ದುಡ್ಡು ಲೆಕ್ಕ ಹಾಕಿ ನಾವು ಅಲ್ಲಿಗೆ ಹೋಗಲಿಲ್ಲ. ಅದರ ಬದಲು ಲೌಟರ್‌ಬ್ರುನೆನ್‌ನಿಂದ ಕೇಬಲ್ ಕಾರ್, ಮೇಲೆ ಪುಟ್ಟ ರೈಲು ಹಿಡಿದು ಮ್ಯೂರೆನ್‌ಗೆ ಹೋದೆವು. ಅದು ಪಾಸಿನಲ್ಲೇ ಬರುತ್ತದೆ. ಕಾರು ಓಡಾಡದ ಊರು. ಬೆಂಚಿನ ಮೇಲೆ ಕೂತರೆ ಐಗರ್, ಮೋಂಖ್, ಯುಂಗ್‌ಫ್ರೌ ಶಿಖರ ಮೂರೂ ಎದುರಿಗೇ, ಹಿಮ ಹೊದ್ದುಕೊಂಡು. ಅಲ್ಲಿ ಚಪಾತಿ, ಚಟ್ನಿಪುಡಿ, ಅಂಗಡಿಯಲ್ಲಿ ಕೊಂಡ ಮೊಸರು. ಬೀದಿಯ ಕಲ್ಲುತೊಟ್ಟಿಯ ನಲ್ಲಿ ನೀರೇ ಕುಡಿಯಲು ಚೆನ್ನಾಗಿರುತ್ತದೆ, ಬಾಟಲಿ ಕೊಳ್ಳಲು ಹೋಗಬೇಡಿ. ಊರಿಗೆ ಬಂದ ಮೇಲೆ “ಮೇಲೆ ಹೋಗಿ ಹಿಮ ಮುಟ್ಟಲಿಲ್ವಾ?” ಅಂತ ಎಲ್ಲರೂ ಕೇಳಿದರು. ಮುಟ್ಟಲಿಲ್ಲ. ಕಣ್ತುಂಬ ನೋಡಿದೆವು.

ಒಂದೇ ಊರಿನಲ್ಲಿ ತಂಗಿ ದುಬಾರಿ ಶಿಖರಗಳನ್ನೇ ಹತ್ತುವ ಆಸೆ ಇರುವವರಿಗೆ ಈ ಪಾಸ್ ಬೇಡ. ಹಾಫ್ ಫೇರ್ ಕಾರ್ಡ್ ಅಂತ ಒಂದಿದೆ, ಒಂದು ತಿಂಗಳು ಅರ್ಧ ದರ, ಅದೇ ವಾಸಿ. ಗ್ಲೇಸಿಯರ್ ಎಕ್ಸ್‌ಪ್ರೆಸ್ ಥರದ ದೊಡ್ಡ ಹೆಸರಿನ ಗಾಡಿಗೆ ಪಾಸಿದ್ದರೂ ಸೀಟು ಕಾದಿರಿಸಲು ಬೇರೆ ದುಡ್ಡು. ದಿನಾ ಊರೂರು ಸುತ್ತುವವರಿಗೆ, ಬೇಕೆಂದಲ್ಲಿ ಇಳಿಯುವವರಿಗೆ ಎಂಟು ದಿನದ ಪಾಸೇ ಸರಿ. ನಮ್ಮಲ್ಲಿ ಮಳೆ ಹಿಡಿಯುವ ಜೂನ್ ಅಲ್ಲಿ ಬೇಸಿಗೆ. ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಊಟ ಮುಗಿಸಿ ಸುಮ್ನೆ ಒಂದು ಬಸ್ಸು ಹತ್ತಿ ಕೊನೇ ಸ್ಟಾಪಿನವರೆಗೆ ಹೋಗಿ ಬರುತ್ತಿದ್ದೆವು. ಟಿಕೆಟ್ ಕೌಂಟರ್ ಮುಂದೆ ಒಂದು ದಿನವೂ ನಿಲ್ಲಲಿಲ್ಲ.

ಕೊನೆಯ ದಿನ ವಿಮಾನ ರಾತ್ರಿಗಿತ್ತು. ಏರ್‌ಪೋರ್ಟಿನ ಲಾಕರಿನಲ್ಲಿ ಪೆಟ್ಟಿಗೆ ಇಟ್ಟೆವು. ಇವರು ಬೋರ್ಡ್ ನೋಡುತ್ತಾ ನಿಂತರು. “ವಿಂಟರ್‌ಟೂರ್ ಇಲ್ಲಿಂದ ಕಾಲು ಗಂಟೆ. ಹೋಗಿ ಬರೋಣ ಬಾರೇ, ಪಾಸ್ ಇವತ್ತೂ ಇದೆ” ಅಂದರು. ಅಲ್ಲಿ ಏನಿದೆ ಅಂತ ಕೇಳಿದೆ. ಮದುವೆಯಾದ ವರ್ಷ ಊಟಿಗೆ ಹೋಗಿದ್ದೆವು. ಮೆಟ್ಟುಪಾಳ್ಯದಲ್ಲಿ ಗಾಡಿ ಹೊರಡುವ ಮೊದಲು ಇವರು ನನ್ನನ್ನು ಬಿಟ್ಟು ಇಂಜಿನ್ ನೋಡಲು ಓಡಿದ್ದರು. ಆ ಇಂಜಿನ್ ತಯಾರಾಗಿದ್ದು ವಿಂಟರ್‌ಟೂರ್‌ನಲ್ಲಂತೆ. ಆ ಹೆಸರು ಆಗಿಂದ ತಲೆಯಲ್ಲಿ ಕೂತಿತ್ತಂತೆ.

ಹೋದೆವು. ಊರೊಳಗೆ ಹೋಗಲು ಹೊತ್ತಿರಲಿಲ್ಲ. ಹೆಸರಿನ ಫಲಕದ ಕೆಳಗೆ ಅವರನ್ನು ನಿಲ್ಲಿಸಿ ಫೋಟೋ ತೆಗೆದೆ. ಉಳಿದಿದ್ದ ಒಂದು ಚಪಾತಿಯನ್ನು ಬೆಂಚಿನ ಮೇಲೆ ಕೂತು ಹಂಚಿಕೊಂಡೆವು. ವಾಪಸ್ ಗಾಡಿ ಬಂತು. ಹತ್ತುವ ಮುಂಚೆ ಇವರು ತಲೆಯೆತ್ತಿ ಗಡಿಯಾರ ನೋಡಿದರು. ಕೆಂಪು ಮುಳ್ಳು 12ರ ಮೇಲೆ ನಿಂತಿತ್ತು.

“ರೈಟ್ ಟೈಮ್” ಅಂದರು.