ನಿವೃತ್ತ ಸಂಗ್ರಾಹಕರ ಬೆಳಗಿನ ಮಾತುಕತೆಗೆ ವಾಟ್ಸಾಪ್ ಗುಂಪು: ದೀರ್ಘಕಾಲದ ಬಳಕೆಯ ನಂತರ ಒಂದು ವಿಮರ್ಶೆ

ಅಂಚೆಚೀಟಿ ಸಂಗ್ರಹದ ಹವ್ಯಾಸವಿರುವ ನಾವು ಕೆಲವು ನಿವೃತ್ತರು ಪ್ರತಿದಿನ ಬೆಳಿಗ್ಗೆ ಮಾತಿಗೆ ಸೇರುವುದು ಒಂದು ವಾಟ್ಸಾಪ್ ಗುಂಪಿನಲ್ಲಿ. ಹೀಗೆ ಸೇರಲು ತೊಡಗಿ ಹಲವು ವರ್ಷಗಳಾಗಿವೆ. ಈ ಸೇವೆಯ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಬಹುಪಾಲು ಯಾವುದಾದರೂ ಹೊಸ ಸೌಲಭ್ಯ ಬಂದ ವಾರದಲ್ಲಿ ಬರೆದವು. ಅದೇ ಜನ, ಅದೇ ಹೊತ್ತಿನಲ್ಲಿ, ಅದೇ ಆಸಕ್ತಿಯ ಸುತ್ತ ವರ್ಷಗಟ್ಟಲೆ ಬಳಸಿದಾಗ ಅದು ಎಷ್ಟರ ಮಟ್ಟಿಗೆ ಕೈಹಿಡಿಯುತ್ತದೆ ಎಂದು ತಿಳಿಸುವಂಥವು ಅಪರೂಪ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜೊತೆ ಒದಗಿಸುವುದರಲ್ಲಿ ಈ ಸೇವೆಗೆ ಸರಿಸಾಟಿಯಾದದ್ದನ್ನು ನಾನು ಕಂಡಿಲ್ಲ, ಆದರೆ ಆ ಜೊತೆಯಲ್ಲಿ ಹುಟ್ಟಿದ ತಿಳಿವಳಿಕೆಯನ್ನು ಕಾಪಿಡುವುದಕ್ಕೆ ಇದು ತಕ್ಕ ಜಾಗವಲ್ಲ. ಆ ಹೊಣೆಯನ್ನು ಬಳಗದವರೇ ಹೊರಬೇಕಾಗುತ್ತದೆ.

ಬೆಳಗಿನ ಮಾತುಕತೆಗೆ ಬರಹ ರೂಪದ ಸಂದೇಶ ಇಷ್ಟು ಒಗ್ಗುವುದಕ್ಕೆ ಮುಖ್ಯ ಕಾರಣ, ಎಲ್ಲರೂ ಒಂದೇ ಗಳಿಗೆಯಲ್ಲಿ ಹಾಜರಿರಬೇಕಾದ ಅಗತ್ಯವಿಲ್ಲದಿರುವುದು. ನಿವೃತ್ತಿಯ ನಂತರ ಒಬ್ಬೊಬ್ಬರ ನಿದ್ದೆಯೂ ಒಂದೊಂದು ಬಗೆ: ಕೆಲವರು ನಸುಕಿಗೆ ಮೊದಲೇ ಎದ್ದಿರುತ್ತಾರೆ, ಕೆಲವರು ಔಷಧಿ, ವಾಕಿಂಗ್ ಎಲ್ಲ ಮುಗಿಸಿ ತಡವಾಗಿ ಕೂರುತ್ತಾರೆ. ನಸುಕಿನಲ್ಲಿ ಒಬ್ಬರು ಅರ್ಧ ಅಳಿಸಿದ ಅಂಚೆ ಮುದ್ರೆಯೊಂದರ ಚಿತ್ರ ಹಾಕುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರು ಮುದ್ರೆಯ ಮೇಲಿನ ಕಮಾನಿನಲ್ಲಿ ಉಳಿದಿರುವ ಮೂರು ಅಕ್ಷರಗಳನ್ನು ಓದಿ ಊರಿನ ಹೆಸರನ್ನು ಊಹಿಸುತ್ತಾರೆ. ಅಂಚೆ ಇಲಾಖೆಯಲ್ಲಿಯೇ ದುಡಿದು ನಿವೃತ್ತರಾದವರೊಬ್ಬರು ತಮ್ಮ ಪಾಳಿಯ ದಿನಗಳನ್ನು ನೆನೆದು, ಮುದ್ರೆಯ ನಡುವಿನ ಅಂಕಿ ದಿನಾಂಕವೋ ವಿಲೇವಾರಿಯ ಹೊತ್ತೋ ಎಂಬುದನ್ನು ಬಿಡಿಸಿ ಹೇಳುತ್ತಾರೆ. ಕೇಳಿದವರು ಬಿಸಿಲೇರಿದ ಮೇಲೆ ಫೋನ್ ನೋಡಿದರೆ ಉತ್ತರ ಪೂರ್ತಿಯಾಗಿ ಕಾದಿರುತ್ತದೆ. ದೂರವಾಣಿಯಲ್ಲಾಗಿದ್ದರೆ ಮೂರು ಜನರನ್ನು ಬೇರೆ ಬೇರೆಯಾಗಿ ಹಿಡಿಯಬೇಕಿತ್ತು, ಮತ್ತು ಒಬ್ಬರ ಊಹೆಯನ್ನು ಇನ್ನೊಬ್ಬರು ತಿದ್ದುವ ಸಂದರ್ಭವೇ ಒದಗುತ್ತಿರಲಿಲ್ಲ.

ಇಂಥ ಮಾತು ದಾರಿ ತಪ್ಪದಿರಲು 2016ರಲ್ಲಿ ಬಂದ ಒಂದು ಸೌಲಭ್ಯವೇ ಆಧಾರ: ಯಾವ ಸಂದೇಶಕ್ಕೆ ಉತ್ತರಿಸುತ್ತೇವೆಯೋ ಅದನ್ನೇ ಉಲ್ಲೇಖಿಸಿ ಬರೆಯುವುದು. ಸಂದೇಶದ ಮೇಲೆ ಬೆರಳಿಟ್ಟು ಬಲಕ್ಕೆ ಸರಿಸಿದರೆ ಸಾಕು. ಹಿರಿಯ ಸದಸ್ಯರಿಗೆ ಮೊದಲು ಕಲಿಸಬೇಕಾದ ಒಂದೇ ಒಂದು ವಿಷಯ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಹೀಗೆ ಉಲ್ಲೇಖಿಸದೆ ಬರೆದ "ಹೌದು, ಅದೇ ಸರಿ" ಎಂಬ ಮಾತು ಮಧ್ಯಾಹ್ನದ ಹೊತ್ತಿಗೆ ಯಾರಿಗೆ ಹೇಳಿದ್ದೆಂದು ಬರೆದವರಿಗೂ ತಿಳಿಯದಂತಾಗುತ್ತದೆ.

ಬೆಳಗಿನ ನಮಸ್ಕಾರಗಳನ್ನು ಹಗುರವಾಗಿ ಕಾಣುವವರಿದ್ದಾರೆ. ನಾನು ಹಾಗೆ ಕಾಣುವುದಿಲ್ಲ. ನಮ್ಮಲ್ಲಿ ಹಲವರು ಒಂಟಿಯಾಗಿ ಬದುಕುವವರು. ದಿನದ ಮೊದಲ ಮಾತನ್ನು ಆಡಲು ಮನೆಯಲ್ಲಿ ಇನ್ನೊಬ್ಬರಿಲ್ಲದವರಿಗೆ "ನಮಸ್ಕಾರ, ನಿನ್ನೆ ರಾತ್ರಿ ಮಂಡಿನೋವು ಕಡಿಮೆ ಇತ್ತು, ಇವತ್ತು ಆಲ್ಬಮ್ ತೆಗೆಯಬೇಕೆಂದಿದ್ದೇನೆ" ಎಂದು ಬರೆಯುವುದೂ ಅದಕ್ಕೆ ನಾಲ್ಕು ಜನ ಉತ್ತರಿಸುವುದೂ ಸಣ್ಣ ವಿಷಯವಲ್ಲ. ಅದಕ್ಕಿಂತ ಮಿಗಿಲಾಗಿ ಅದು ಹಾಜರಿ. ಗುಂಪಿನಲ್ಲಿ ನಾವು ಕಳುಹಿಸಿದ ಸಂದೇಶವನ್ನು ಒತ್ತಿಹಿಡಿದು ಅದರ ಮಾಹಿತಿಯನ್ನು ತೆರೆದರೆ, ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬುದು ಹೆಸರಿನ ಸಮೇತ ಕಾಣುತ್ತದೆ. ಓದಿದ ಗುರುತನ್ನು ಒಬ್ಬೊಬ್ಬರ ಖಾಸಗಿ ಮಾತುಕತೆಯಲ್ಲಿ ಮುಚ್ಚಿಡಬಹುದಾದರೂ ಗುಂಪಿನಲ್ಲಿ ಮುಚ್ಚಿಡಲಾಗುವುದಿಲ್ಲ. ಇದನ್ನು ಕೆಲವರು ಖಾಸಗಿತನಕ್ಕೆ ತೊಡಕೆನ್ನುತ್ತಾರೆ. ನಮ್ಮ ವಯಸ್ಸಿನ ಬಳಗಕ್ಕೆ ಮಾತ್ರ ಇದೇ ದೊಡ್ಡ ಉಪಕಾರ. ದಿನವೂ ತಪ್ಪದೆ ಬರುವವರು ಮಧ್ಯಾಹ್ನವಾದರೂ ಬೆಳಗಿನ ಸಂದೇಶವನ್ನು ಓದಿರದಿದ್ದರೆ ಯಾರಾದರೊಬ್ಬರು ಫೋನ್ ಮಾಡಿ ವಿಚಾರಿಸುತ್ತಾರೆ. ಬಹುಪಾಲು ಸಲ ಚಾರ್ಜ್ ಮುಗಿದಿರುತ್ತದೆ, ಇಲ್ಲವೇ ಫೋನನ್ನು ಎಲ್ಲೋ ಇಟ್ಟು ಮರೆತಿರುತ್ತಾರೆ. ಆದರೂ ವಿಚಾರಿಸುವುದನ್ನು ನಾವು ಬಿಟ್ಟಿಲ್ಲ.

ಹಾಜರಿಗೆ ಬೆಲೆ ಬರಬೇಕಾದರೆ ಆ ನಮಸ್ಕಾರ ಸ್ವಂತದ್ದಾಗಿರಬೇಕು. ಎಲ್ಲಿಂದಲೋ ಬಂದ ಹೂವಿನ ಚಿತ್ರವನ್ನು ಮುಂದೆ ತಳ್ಳಿದರೆ ಕಳುಹಿಸಿದವರು ಹೇಗಿದ್ದಾರೆಂದು ತಿಳಿಯುವುದೇ ಇಲ್ಲ, ಎಲ್ಲರ ಫೋನಿನ ಜಾಗವೂ ತುಂಬುತ್ತದೆ. ವಾಟ್ಸಾಪ್ 2019ರಿಂದ ಹೀಗೆ ತಳ್ಳುವುದನ್ನು ಒಮ್ಮೆಗೆ ಐದು ಕಡೆಗೆ ಮಿತಿಗೊಳಿಸಿದೆ. ಹಲವು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ, ಮತ್ತು 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ನಮ್ಮ ನಿಯಮ ಇನ್ನೂ ಸರಳ: ಜೋಡಿ ಬಾಣವಿರುವ ಯಾವುದನ್ನೂ ಈ ಗುಂಪಿಗೆ ಹಾಕಬಾರದು. ಅದನ್ನು ಗುಂಪಿನ ವಿವರಣೆಯ ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದೇವೆ. ಎರಡು ವಾರ ಪಟ್ಟುಹಿಡಿದು ಪಾಲಿಸಿದರೆ ಯಾವ ಗುಂಪಾದರೂ ಇದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ನಾನು ನಂಬುತ್ತೇನೆ.

ಇನ್ನು ಚಿತ್ರಗಳ ವಿಷಯ. ಹವ್ಯಾಸಿ ಬಳಗಗಳು ಅತ್ಯಂತ ಎಚ್ಚರದಿಂದ ತಿಳಿದುಕೊಳ್ಳಬೇಕಾದದ್ದು ಇಲ್ಲಿಯೇ ಇದೆ. ಚಿತ್ರವನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಕಳುಹಿಸುತ್ತದೆ. ಮೊಮ್ಮಗುವಿನ ಚಿತ್ರಕ್ಕೆ ಅದರಿಂದ ನಷ್ಟವಿಲ್ಲ, ಅಂಚೆಚೀಟಿಗೆ ಇದೆ. ಚೀಟಿಯ ಅಂಚಿನ ಹಲ್ಲುಗಳನ್ನು, ಅಂದರೆ ಪರ್ಫೊರೇಷನ್ ಅನ್ನು, ಸಂಗ್ರಾಹಕರು ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ರಂಧ್ರಗಳಿವೆ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದೇ ವಿನ್ಯಾಸ, ಒಂದೇ ಬಣ್ಣದ ಎರಡು ಚೀಟಿಗಳಲ್ಲಿ ಒಂದರ ಅಳತೆ 14, ಇನ್ನೊಂದರದು 14½ ಇದ್ದರೆ ಕ್ಯಾಟಲಾಗಿನಲ್ಲಿ ಅವು ಬೇರೆ ಬೇರೆ ಚೀಟಿಗಳಾಗಿ ನಿಲ್ಲಬಹುದು. 600 ಡಿಪಿಐ, ಅಂದರೆ ಅಂಗುಲಕ್ಕೆ 600 ಪಿಕ್ಸೆಲ್ ಇರುವ, ಸ್ಕ್ಯಾನಿನಲ್ಲಿ ಎರಡು ಸೆಂಟಿಮೀಟರಿಗೆ ಸುಮಾರು 470 ಪಿಕ್ಸೆಲ್‌ಗಳು ಸಿಗುತ್ತವೆ. ಅಳತೆ 14 ಇದ್ದಾಗ ಒಂದು ರಂಧ್ರದಿಂದ ಮುಂದಿನದಕ್ಕೆ ಸುಮಾರು 34 ಪಿಕ್ಸೆಲ್, 14½ ಇದ್ದಾಗ ಸುಮಾರು 33. ವ್ಯತ್ಯಾಸ ಇರುವುದೇ ಒಂದು ಪಿಕ್ಸೆಲ್‌ನಷ್ಟು. ಚಿತ್ರ ಕುಗ್ಗಿದ ಮೇಲೆ ಅದನ್ನು ಹುಡುಕುವುದು ವ್ಯರ್ಥ ಪ್ರಯತ್ನ, ಮತ್ತು ಅಂಥ ಚಿತ್ರವನ್ನು ನೋಡಿ ನೀಡಿದ ತೀರ್ಪು ವಿಶ್ವಾಸಕ್ಕೆ ಅರ್ಹವಲ್ಲ.

2023ರ ಆಗಸ್ಟ್‌ನಲ್ಲಿ ಬಂದ ಎಚ್‌ಡಿ ಆಯ್ಕೆ ಬಣ್ಣದ ಛಾಯೆ ನೋಡಲು, ಮುದ್ರೆಯ ಅಕ್ಷರ ಓದಲು ಸಾಕಾಗುತ್ತದೆ. ಅಳತೆಯ ಪ್ರಶ್ನೆ ಬಂದಾಗ ಮಾತ್ರ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿಯೇ ಕಳುಹಿಸಬೇಕು. ಆಗ ಮೂಲ ಕಡತ ಇದ್ದ ಹಾಗೆಯೇ ತಲುಪುತ್ತದೆ. 2022ರಿಂದ ಇದರ ಮಿತಿ 2 ಜಿಬಿ ಇರುವುದರಿಂದ ಎಷ್ಟು ದೊಡ್ಡ ಸ್ಕ್ಯಾನ್ ಆದರೂ ಚಿಂತೆಯಿಲ್ಲ. ಜೊತೆಗೆ ನಮ್ಮ ಬಳಗದ ಪದ್ಧತಿಯನ್ನೂ ಹೇಳುತ್ತೇನೆ: ಚೀಟಿಯನ್ನು ಕಪ್ಪು ರಟ್ಟಿನ ಮೇಲೆ ಇಡಬೇಕು, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇರಬೇಕು, ಹಿಂಬದಿಯ ಚಿತ್ರವೂ ಜೊತೆಗಿರಬೇಕು. ಕಪ್ಪು ಹಿನ್ನೆಲೆಯಲ್ಲಿ ಹಲ್ಲುಗಳು ಎದ್ದು ಕಾಣುತ್ತವೆ, ಮತ್ತು ಚೀಟಿಯನ್ನು ಮಗುಚಿಟ್ಟಾಗ ಕೆಲವು ಹಳೆಯ ಕಾಗದಗಳ ಜಲಚಿಹ್ನೆ, ಅಂದರೆ ಕಾಗದದೊಳಗೇ ಮೂಡಿಸಿದ ಗುರುತು, ಬರಿಗಣ್ಣಿಗೇ ತೋರುತ್ತದೆ. ಫೋನಿನಲ್ಲಿ ತೆಗೆಯುವವರು ಲೆನ್ಸನ್ನು ಚೀಟಿಗೆ ನೇರವಾಗಿ ಹಿಡಿಯಬೇಕು; ಓರೆಯಾದರೆ ಒಂದು ಬದಿಯ ಅಳತೆ ಕಡಿಮೆಯಾಗಿ ಕಾಣುತ್ತದೆ.

ಬೆರಳು ನಡುಗುವವರಿಗೂ ಕಣ್ಣು ಮಂಜಾದವರಿಗೂ ಧ್ವನಿ ಸಂದೇಶ ದೊಡ್ಡ ಆಸರೆ. 2013ರಲ್ಲೇ ಇದು ಬಂದಿತ್ತಾದರೂ 2021ರಲ್ಲಿ ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಅವಕಾಶ ಸೇರಿದ ಮೇಲೆ ದೀರ್ಘವಾಗಿ ಮಾತಾಡುವ ಮಿತ್ರರನ್ನೂ ಸಮಾಧಾನದಿಂದ ಕೇಳಬಹುದಾಗಿದೆ. ಫೋನನ್ನು ಕಿವಿಗೆ ಹಿಡಿದರೆ ಮಾತು ಹೊರಗಿನ ಸ್ಪೀಕರಿನ ಬದಲು ಕಿವಿಗಷ್ಟೇ ಕೇಳುತ್ತದೆ, ಮನೆಯವರಿನ್ನೂ ಮಲಗಿರುವ ಹೊತ್ತಿನಲ್ಲಿ ಇದು ಬೇಕೇ ಬೇಕು. ಆದರೆ ಹೇಳಿದ್ದನ್ನು ಮುಂದೊಂದು ದಿನ ಹುಡುಕಬೇಕಾಗಬಹುದು ಎಂದಾದರೆ ಧ್ವನಿಗಿಂತ ಬರಹವೇ ಮೇಲು. ಅಂಥವರಿಗೆ ಕೀಲಿಮಣೆಯ ಮೈಕ್ ಗುಂಡಿಯನ್ನು ತೋರಿಸಿಕೊಡಬೇಕು. ಗೂಗಲ್ ಕೀಲಿಮಣೆ 2017ರಿಂದ ಕನ್ನಡದ ಮಾತನ್ನೂ ಅಕ್ಷರಕ್ಕಿಳಿಸುತ್ತದೆ. ತಪ್ಪು ಬಿದ್ದ ಅಕ್ಷರವನ್ನು ಕಳುಹಿಸಿದ ಹದಿನೈದು ನಿಮಿಷದೊಳಗೆ ತಿದ್ದಬಹುದು. 2023ರಲ್ಲಿ ಬಂದ ಈ ಸೌಲಭ್ಯದಿಂದ, ತಪ್ಪಾಗಿ ಬರೆದುಬಿಡುತ್ತೇವೆಂಬ ಸಂಕೋಚದಲ್ಲಿ ಸುಮ್ಮನಿರುತ್ತಿದ್ದ ಕೆಲವರು ಬಾಯಿಬಿಟ್ಟದ್ದನ್ನು ನಾನು ಸಂತೋಷದಿಂದ ಗಮನಿಸಿದ್ದೇನೆ.

ಈಗ ಕೊರತೆಗೆ ಬರುತ್ತೇನೆ. ಈ ಮಾತುಕತೆಯಲ್ಲಿ ಅಪರೂಪದ ತಿಳಿವಳಿಕೆ ದಿನವೂ ಹರಿಯುತ್ತದೆ. ಹಳೆಯ ಹಿಂಜನ್ನು, ಅಂದರೆ ಚೀಟಿಯನ್ನು ಆಲ್ಬಮ್ಮಿಗೆ ಅಂಟಿಸುವ ಸಣ್ಣ ಕಾಗದದ ತುಣುಕನ್ನು, ಚೀಟಿಯ ಹಿಂಬದಿಯ ಅಂಟು ಕೀಳದಂತೆ ಬಿಡಿಸುವುದು ಹೇಗೆ, ಯಾವ ಶಾಯಿ ನೀರಿಗೆ ಬಿದ್ದೊಡನೆ ಬಿಡುತ್ತದೆ ಎಂಬಂಥ, ಪುಸ್ತಕದಲ್ಲಿ ಸುಲಭವಾಗಿ ಸಿಗದ ಅನುಭವದ ಮಾತುಗಳವು. ಅವೆಲ್ಲ ನಮಸ್ಕಾರ, ಮಂಡಿನೋವು, ಮಳೆಯ ಸುದ್ದಿಗಳ ನಡುವೆ ಮೇಲಕ್ಕೆ ಸರಿದು ಮರೆಯಾಗುತ್ತವೆ. ಪದ ಹಾಕಿ ಹುಡುಕಬಹುದು, ಸಂದೇಶಕ್ಕೆ ನಕ್ಷತ್ರದ ಗುರುತು ಹಾಕಬಹುದು, ಆದರೆ ನನ್ನ ನಕ್ಷತ್ರ ನನಗೆ ಮಾತ್ರ ಕಾಣುತ್ತದೆ. ಸಂದೇಶವನ್ನು ಮೇಲೆ ಪಿನ್ ಮಾಡಿದರೆ ಹೆಚ್ಚೆಂದರೆ ಮೂವತ್ತು ದಿನ. ಸಂದೇಶಗಳು ಸದಸ್ಯರ ಫೋನುಗಳಲ್ಲಿಯೇ ಉಳಿಯುವ, 2016ರಿಂದ ಆರಂಭದಿಂದ ಅಂತ್ಯದವರೆಗೆ ಗೂಢಲಿಪಿಯಲ್ಲಿ, ಅಂದರೆ ಕಳುಹಿಸಿದವರು ಮತ್ತು ಪಡೆದವರ ಹೊರತು ನಡುವೆ ಯಾರೂ ಓದಲಾಗದಂತೆ, ಸಾಗುವ ವ್ಯವಸ್ಥೆ ಇದಾಗಿರುವುದರಿಂದ, ಇಂದು ಸೇರಿದ ಹೊಸಬರ ಫೋನಿಗೆ ಹಿಂದಿನ ವರ್ಷಗಳ ಮಾತುಕತೆ ತಾನಾಗಿ ಬರುವುದಿಲ್ಲ. ಗೌಪ್ಯತೆಗಾಗಿ ತೆರುವ ಬೆಲೆ ಇದು, ಅದನ್ನು ನಾನು ಒಪ್ಪುತ್ತೇನೆ. ಆದರೂ ಹವ್ಯಾಸದ ದೃಷ್ಟಿಯಿಂದ ಇದೇ ಈ ಸೇವೆಯ ಅತಿ ದೊಡ್ಡ ಮಿತಿ.

ಇದಕ್ಕೆ ನಾವು ಕಂಡುಕೊಂಡ ದಾರಿ, ಗುಂಪಿನ ಹೊರಗೊಂದು ಕಡತ. ಎಲ್ಲರೂ ತೆರೆದು ಓದಬಹುದಾದ ಹಂಚಿಕೆಯ ಡಾಕ್ಯುಮೆಂಟಿನಲ್ಲಿ ದೇಶ, ವರ್ಷ, ಪ್ರಶ್ನೆ, ಒಪ್ಪಿತವಾದ ಉತ್ತರ, ಇನ್ನೂ ಉಳಿದಿರುವ ಸಂದೇಹ, ಇಷ್ಟನ್ನು ದಾಖಲಿಸುತ್ತೇವೆ. ವಾರಕ್ಕೊಬ್ಬರು ಸರದಿಯಲ್ಲಿ ಬರೆಯುತ್ತಾರೆ. ಗುಮಾಸ್ತಿಕೆ, ಮೇಷ್ಟರಗಿರಿ ಮಾಡಿ ನಿವೃತ್ತರಾದವರಿಗೆ ಇದು ಹೊರೆಯೆನಿಸುವುದಿಲ್ಲ. ಅವರ ಟಿಪ್ಪಣಿಗಳು ಎಷ್ಟು ಅಚ್ಚುಕಟ್ಟಾಗಿರುತ್ತವೆಂದರೆ ಹೊಸದಾಗಿ ಸೇರಿದವರು ಗುಂಪಿಗಿಂತ ಮೊದಲು ಆ ಕಡತವನ್ನೇ ಓದುತ್ತಾರೆ. ಪ್ರಶ್ನೆ ಹಾಕುವಾಗಲೇ ದೇಶದ ಹೆಸರನ್ನೂ ವರ್ಷವನ್ನೂ ಬರೆಯಬೇಕೆಂಬ ನಿಯಮದಿಂದ ಗುಂಪಿನೊಳಗಿನ ಹುಡುಕಾಟವೂ ಸುಧಾರಿಸಿದೆ.

ಬ್ಯಾಕಪ್ ಬಗ್ಗೆ ಒಂದು ಮಾತು. ಆಂಡ್ರಾಯ್ಡ್ ಫೋನಿನಲ್ಲಿ ಇದು ಗೂಗಲ್ ಖಾತೆಗೆ ಹೋಗುತ್ತದೆ, ಮತ್ತು ಈಗ ಅದು ಇಮೇಲ್, ಫೋಟೋಗಳೊಂದಿಗೆ ಹಂಚಿಕೊಳ್ಳುವ 15 ಜಿಬಿ ಉಚಿತ ಜಾಗದಲ್ಲಿಯೇ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಸ್ಕ್ಯಾನುಗಳನ್ನು ದಿನವೂ ಪಡೆಯುವ ನಮ್ಮಂಥವರಿಗೆ ಆ ಜಾಗ ಬೇಗ ತುಂಬುತ್ತದೆ. ಸ್ಕ್ಯಾನುಗಳನ್ನು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಇಳಿಸಿ, ಫೋನಿನಿಂದ ಅಳಿಸುವುದು ಒಳ್ಳೆಯದು.

ಗುಂಪಿನ ವಿಡಿಯೋ ಕರೆಯಲ್ಲಿ ಒಮ್ಮೆಗೆ 32 ಜನ ಸೇರಬಹುದು. ತಿಂಗಳಿಗೊಂದು ಸಲ ಒಬ್ಬರ ಆಲ್ಬಮ್ ನೋಡಲು ಇದು ಚೆನ್ನ, ಪ್ರತಿದಿನದ ಬೆಳಗಿಗೆ ಅಲ್ಲ. ಟೆಲಿಗ್ರಾಂ ಎಂಬ ಇನ್ನೊಂದು ಸಂದೇಶದ ಆ್ಯಪಿನಲ್ಲಿ ಹಳೆಯ ಮಾತುಕತೆಯನ್ನು ಹೊಸಬರಿಗೂ ತೋರಿಸುವ ಅನುಕೂಲವಿದೆ, ಆದರೆ ಅಲ್ಲಿನ ಗುಂಪುಗಳಿಗೆ ಆರಂಭದಿಂದ ಅಂತ್ಯದವರೆಗಿನ ಗೂಢಲಿಪಿಯ ರಕ್ಷಣೆಯಿಲ್ಲ. ಸಿಗ್ನಲ್ ಎಂಬ ಆ್ಯಪಿನಲ್ಲಿ ಆ ರಕ್ಷಣೆ ಇದೆ. ಆದರೆ ನಮ್ಮವರ ಮಕ್ಕಳು, ನೆಂಟರು, ವೈದ್ಯರು ಎಲ್ಲರೂ ವಾಟ್ಸಾಪಿನಲ್ಲಿಯೇ ಇರುವುದರಿಂದ ಇನ್ನೊಂದು ಆ್ಯಪ್ ತೆರೆಯುವ ಅಭ್ಯಾಸ ನಿಲ್ಲುವುದಿಲ್ಲ ಎಂಬುದು ನನ್ನ ಅನಿಸಿಕೆ.

ಸುರಕ್ಷತೆಯ ವಿಷಯದಲ್ಲಿ ಪ್ರತಿ ಸದಸ್ಯರೂ ಮಾಡಲೇಬೇಕಾದ ಕೆಲಸವೊಂದಿದೆ. ಸೆಟ್ಟಿಂಗ್ಸ್‌ನಲ್ಲಿರುವ ಎರಡು ಹಂತದ ಪರಿಶೀಲನೆಯನ್ನು ತೆರೆದು ಆರು ಅಂಕಿಯ ಪಿನ್ ಇಟ್ಟುಕೊಳ್ಳಬೇಕು. ನೋಂದಣಿಗೆಂದು ಬರುವ ಆರು ಅಂಕಿಯ ಸಂಕೇತವನ್ನು ನಯವಾದ ಮಾತಿನಿಂದ ಕೇಳಿ ಪಡೆದು ಖಾತೆಯನ್ನೇ ಕಸಿದುಕೊಳ್ಳುವವರು, ಅನಂತರ ಅದೇ ಹೆಸರಿನಲ್ಲಿ ಗುಂಪಿನ ಗೆಳೆಯರ ಬಳಿ ತುರ್ತು ಹಣ ಬೇಡುತ್ತಾರೆ. ಬೆಳಗಿನ ಗುಂಪಿನ ಪರಸ್ಪರ ವಿಶ್ವಾಸವೇ ಇಂಥವರಿಗೆ ಬಂಡವಾಳ. ನಮ್ಮ ಗುಂಪಿನಲ್ಲಿ ಹಣದ ಮಾತು ಬಂದರೆ, ಅದು ಎಷ್ಟೇ ಆಪ್ತರ ಹೆಸರಿನಲ್ಲಿ ಬಂದರೂ, ಫೋನ್ ಮಾಡಿ ದನಿ ಕೇಳಿದ ಮೇಲೆಯೇ ಮುಂದಿನ ಮಾತು. ಚೀಟಿಗಳ ಮಾರಾಟ, ವಿನಿಮಯಗಳನ್ನು ಬೇರೆ ಗುಂಪಿಗೆ ಸಾಗಿಸಿದ್ದೂ ಈ ಎಚ್ಚರಿಕೆಯ ಭಾಗವೇ.

ಹಿರಿಯರ ಗುಂಪನ್ನು ನಡೆಸುವವರು ಮುಂದಾಲೋಚನೆ ಮಾಡಬೇಕಾದ ಮತ್ತೊಂದು ಸಂಗತಿ ಇದೆ. ಒಬ್ಬರೇ ಅಡ್ಮಿನ್ ಇದ್ದು ಅವರು ಗುಂಪು ಬಿಟ್ಟರೆ ವಾಟ್ಸಾಪ್ ಉಳಿದವರಲ್ಲಿ ಯಾರನ್ನೋ ತಾನೇ ಅಡ್ಮಿನ್ ಮಾಡುತ್ತದೆ. ಅವರಿಗೆ ಆ ಕೆಲಸ ತಿಳಿದಿರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಕನಿಷ್ಠ ಮೂವರು ಅಡ್ಮಿನ್‌ಗಳಿರಬೇಕು. ಸದಸ್ಯರೊಬ್ಬರು ತೀರಿಕೊಂಡಾಗ ಅವರ ಸಂಖ್ಯೆ ಗುಂಪಿನ ಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ಸಾಮಾನ್ಯವಾಗಿ 120 ದಿನ ಬಳಕೆಯಾಗದ ಖಾತೆಯನ್ನು ವಾಟ್ಸಾಪ್ ಅಳಿಸುತ್ತದೆ, ದೂರವಾಣಿ ಕಂಪನಿಗಳು ನಿಂತುಹೋದ ಸಂಖ್ಯೆಯನ್ನು ಮುಂದೆ ಬೇರೆಯವರಿಗೆ ಕೊಡುವುದೂ ಉಂಟು. ಕುಟುಂಬದವರನ್ನು ಕೇಳದೆ ಹೆಸರನ್ನು ತೆಗೆಯುವುದು ನೋವು ತರುತ್ತದೆ, ತೆಗೆಯದೆ ಬಿಡುವುದೂ ಕ್ಷೇಮವಲ್ಲ. ಪ್ರತಿ ಸದಸ್ಯರ ಮನೆಯವರೊಬ್ಬರ ಸಂಖ್ಯೆಯನ್ನು, ಅವರ ಒಪ್ಪಿಗೆ ಪಡೆದು, ಅಡ್ಮಿನ್‌ಗಳು ತಮ್ಮ ಬಳಿ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಬೆಳಗಿನ ಸಂದೇಶ ಓದದೆ ಉಳಿದ ದಿನ ವಿಚಾರಿಸುವುದಕ್ಕೂ ಅದೇ ಸಂಖ್ಯೆ ಬೇಕಾಗುತ್ತದೆ. ಸಂಗ್ರಹವನ್ನು ಏನು ಮಾಡಬೇಕೆಂದು ತಿಳಿಯದ ಮಕ್ಕಳಿಗೆ, ಆಲ್ಬಮ್‌ಗಳನ್ನು ಬೇರೆ ಬೇರೆ ಮಾಡಿ ಹಂಚುವ ಮೊದಲು ಒಮ್ಮೆ ನಮಗೆ ತೋರಿಸಿ ಎಂದು ಹೇಳುವುದಕ್ಕೂ ಬೇಕಾಗುತ್ತದೆ.