ಅರ್ಧ ಬೆಲೆಯ ಗಿಡ: ಮಳಿಗೆಯ ರ‍್ಯಾಕೋ, ನರ್ಸರಿಯೋ?

ದೊಡ್ಡ ಸರಣಿ ಮಳಿಗೆಯಲ್ಲಿ ಗಿಡದ ಬೆಲೆ ಅರ್ಧಕ್ಕಿಳಿದಿದೆ ಎಂದರೆ ಬಹುಮಟ್ಟಿಗೆ ಹೂ ಮುಗಿದಿರುತ್ತದೆ, ನೀರು ತಪ್ಪಿರುತ್ತದೆ, ಇಲ್ಲವೇ ಹುಳವೋ ರೋಗವೋ ಹತ್ತಿರುತ್ತದೆ. ಹೂ ಮುಗಿದದ್ದು ಲಾಭದ ವ್ಯಾಪಾರ, ನೀರು ತಪ್ಪಿದ್ದು ಜೂಜು, ಹುಳ ಹತ್ತಿದ್ದನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬಾರದು. ರಿಯಾಯಿತಿ ಚೀಟಿಯ ಮೇಲೆ ಕಾರಣ ಬರೆದಿರುವುದಿಲ್ಲವಾದ್ದರಿಂದ ಅದನ್ನು ನಾವೇ ಪತ್ತೆ ಹಚ್ಚಬೇಕು.

ಎಲೆ ಬಾಡಿದ್ದರೆ ಮೊದಲು ಮಣ್ಣು ಮುಟ್ಟಿ ನೋಡಿ. ಮಣ್ಣು ಒಣಗಿ ಕುಂಡ ಹಗುರಾಗಿದ್ದರೆ ಅದು ಬರೀ ಬಾಯಾರಿಕೆ. ಗಿಡ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದಿದ್ದರೆ ಬೇರು ಕೊಳೆತು ನೀರು ಹೀರುವುದನ್ನೇ ನಿಲ್ಲಿಸಿದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ. ಅನುಮಾನವಿದ್ದರೆ ಕಾಂಡವನ್ನು ಬೆರಳ ಸಂದಿಯಲ್ಲಿ ಹಿಡಿದು ಕುಂಡವನ್ನು ಮಗುಚಿ, ಬೇರಿನ ಗಡ್ಡೆಯನ್ನು ಅರ್ಧದಷ್ಟು ಹೊರಗೆಳೆಯಿರಿ. ಬೇರು ಗಟ್ಟಿಯಾಗಿ, ಬಿಳಿ ಅಥವಾ ಕೆನೆ ಬಣ್ಣದಲ್ಲಿರಬೇಕು. ಎಳೆದಾಗ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಉಳಿದರೆ ಕೊಳೆತಿದೆ ಎಂದೇ ಅರ್ಥ. ಡ್ರಸೀನಾ, ಸ್ನೇಕ್ ಪ್ಲಾಂಟ್‌ಗಳ ಬೇರು ಸಹಜವಾಗಿಯೇ ಕಿತ್ತಳೆ ಛಾಯೆಯದು. ಅಲ್ಲಿ ಬಣ್ಣಕ್ಕೆ ಗಾಬರಿಯಾಗದೆ ಗಟ್ಟಿತನ ನೋಡಿ. ಆಮೇಲೆ ಎಲೆಯ ಅಡಿಭಾಗ ಮತ್ತು ಕಂಕುಳು, ಅಂದರೆ ಎಲೆ ಕಾಂಡಕ್ಕೆ ಸೇರುವ ಸಂದಿ, ನೋಡಿ. ಹತ್ತಿಯಂಥ ಬಿಳಿ ಗಂಟು ಕಂಡರೆ ಹಿಟ್ಟು ತಿಗಣೆ. ಒಂದು ಬಿಳಿ ಕಾಗದದ ಮೇಲೆ ಎಲೆಯನ್ನು ಕೊಡವಿದಾಗ ಬಿದ್ದ ಚುಕ್ಕಿಗಳು ನಡೆದಾಡಿದರೆ ಮೈಟ್ ನುಸಿ.

ಮಳಿಗೆಯ ಗಿಡ ಇಷ್ಟು ಬೇಗ ಸೊರಗುವುದಕ್ಕೆ ಕಾರಣ ವ್ಯಾಪಾರದ ಲೆಕ್ಕದಲ್ಲೂ ಇದೆ. ಅನೇಕ ದೊಡ್ಡ ಸರಣಿಗಳಲ್ಲಿ ಗಿಡ ಬಿಲ್ಲಿಂಗ್ ಕೌಂಟರಿನಲ್ಲಿ ಸ್ಕ್ಯಾನ್ ಆದಾಗ ಮಾತ್ರ ಬೆಳೆಗಾರನಿಗೆ ಹಣ. ಸತ್ತ ಗಿಡದ ನಷ್ಟ ಅವನ ತಲೆಗೆ, ಹಾಗಾಗಿ ನೀರು ಹಾಕುವ ಅವಸರ ಮಳಿಗೆಗಿರುವುದಿಲ್ಲ. ನರ್ಸರಿಯಲ್ಲಿ ಸತ್ತ ಗಿಡ ಮಾಲೀಕನದೇ ನಷ್ಟ. ಅಲ್ಲಿ ಕೊಡುವ ಹೆಚ್ಚಿನ ಬೆಲೆಯಲ್ಲಿ ಈ ಆರೈಕೆಯ ಪಾಲು ದೊಡ್ಡದು.

ರಿಯಾಯಿತಿಯಲ್ಲಿ ಕೊಳ್ಳಬೇಕಾದದ್ದು ಬೇರು, ಗೆಡ್ಡೆ, ಕಾಂಡದಲ್ಲಿ ಬಂಡವಾಳ ಇಟ್ಟುಕೊಂಡ ಗಿಡಗಳನ್ನು: ಸ್ನೇಕ್ ಪ್ಲಾಂಟ್, ಜೀಜೀ (ZZ) ಪ್ಲಾಂಟ್, ಮನಿ ಪ್ಲಾಂಟ್, ಹೂ ಉದುರಿದ ಲಿಲ್ಲಿ ಗೆಡ್ಡೆಗಳು. ಎಲ್ಲಕ್ಕಿಂತ ಒಳ್ಳೆಯ ವ್ಯಾಪಾರ ಫೆಲನಾಪ್ಸಿಸ್ ಆರ್ಕಿಡ್. ಹೂ ಹೋದ ತಕ್ಷಣ ಮಳಿಗೆಯ ಲೆಕ್ಕದಲ್ಲಿ ಅದು ಕಸ, ಆದರೆ ಗಿಡ ಅನೇಕ ವರ್ಷ ಬದುಕುವಂಥದ್ದು. ಎಲೆ ಗಟ್ಟಿಯಾಗಿ, ನಡುವಿನ ಸುಳಿ ನೀರು ನಿಲ್ಲದೆ ಸ್ವಚ್ಛವಾಗಿ, ಬೇರು ಹಸಿರು ಅಥವಾ ಬೆಳ್ಳಿ ಬಣ್ಣದಲ್ಲಿದ್ದರೆ ತೆಗೆದುಕೊಳ್ಳಿ. ಮನೆಗೆ ತಂದು ಮೊದಲು ಬೇರಿನ ನಡುವೆ ಸಿಕ್ಕಿಸಿರುವ ಪಾಚಿ ಅಥವಾ ಸ್ಪಂಜಿನ ಮುದ್ದೆಯನ್ನು ಬಿಡಿಸಿ ತೆಗೆಯಿರಿ, ಅದು ಸದಾ ಒದ್ದೆಯಿದ್ದು ಬೇರನ್ನು ಕೊಳೆಸುತ್ತದೆ. ಆಮೇಲೆ ತೊಗಟೆ ಚೂರುಗಳಲ್ಲಿ ನೆಡಿ. ಮತ್ತೆ ಹೂದಂಟು ಬರಲು ಕೆಲವು ವಾರ ತಂಪು ಬೇಕು. ರಾತ್ರಿ 15ರಿಂದ 18 ಡಿಗ್ರಿ ಸೆಲ್ಸಿಯಸ್ ಸಿಕ್ಕರೆ ಉತ್ತಮ.

ಬಣ್ಣ ಬಳಿದ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡ), ಕಳ್ಳಿಯ ತಲೆಗೆ ಗೋಂದಿನಿಂದ ಅಂಟಿಸಿದ ಒಣ ಹೂ, ಮಣ್ಣಿನ ಮೇಲೆ ಒಂದೇ ಹಲಗೆಯಂತೆ ಅಂಟಿಕೊಂಡ ಬೆಣಚುಕಲ್ಲು, ಇವೆಲ್ಲ ಬರೀ ಮೋಸ. ಸೇವಂತಿಗೆ, ಕಲಂಚೋಗಳಿಗೆ ಕುಳ್ಳಗಿರಲೆಂದು ಬೆಳವಣಿಗೆ ತಡೆಯುವ ರಾಸಾಯನಿಕ ಹಾಕಿರುವುದುಂಟು. ಅದರ ಪ್ರಭಾವ ಇಳಿದ ಮೇಲೆ ಚಿಗುರು ಉದ್ದುದ್ದ ಬಂದರೆ ಕಾಯಿಲೆ ಎಂದುಕೊಳ್ಳಬೇಡಿ.

ಬಾಯಾರಿದ ಗಿಡಕ್ಕೆ ಮೇಲಿಂದ ನೀರು ಸುರಿದರೆ ಉಪಯೋಗವಿಲ್ಲ. ಪೂರ್ತಿ ಒಣಗಿದ ಪೀಟ್ (ಕುಂಡಕ್ಕೆ ಮಣ್ಣಿನ ಬದಲು ತುಂಬುವ ಕೊಳೆತ ಪಾಚಿ) ನೀರನ್ನು ಒಳಗೆ ಬಿಡುವುದಿಲ್ಲ. ನೀರು ಕುಂಡದ ಅಂಚಿನಿಂದ ಇಳಿದು ಹೋಗುತ್ತದೆ, ಗಡ್ಡೆಯ ನಡುಭಾಗ ಒಣಗಿಯೇ ಉಳಿಯುತ್ತದೆ. ಕುಂಡವನ್ನು ಅಂಚಿನವರೆಗೆ ಬಕೆಟ್ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಿ. ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ತೆಗೆದು ಪೂರ್ತಿ ಸೋರಲು ಬಿಡಿ, ಹೊರಗೆ ಸುತ್ತಿದ ಮಿರುಗು ಕಾಗದ ಕಿತ್ತೆಸೆಯಿರಿ. ಬೇರು ಸುರುಳಿ ಸುತ್ತಿದ್ದರೆ ಗಡ್ಡೆಯ ಬದಿಯಲ್ಲಿ ಮೂರು ನಾಲ್ಕು ಕಡೆ, 1 ಸೆಂ.ಮೀ. ಆಳಕ್ಕೆ ಉದ್ದುದ್ದ ಗೀರಿ. ಹೊಸ ಕುಂಡ ಹಳೆಯದಕ್ಕಿಂತ 3ರಿಂದ 5 ಸೆಂ.ಮೀ. ಅಗಲವಿದ್ದರೆ ಸಾಕು, ಅತಿ ದೊಡ್ಡದಾದರೆ ಬೇರು ಮುಟ್ಟದ ಮಣ್ಣು ಒಣಗದೆ ಉಳಿದು ಬೇರು ಕೊಳೆಯುತ್ತದೆ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.

ಹೊಸ ಗಿಡವನ್ನು, ನರ್ಸರಿಯದ್ದಾದರೂ ಸರಿ, ಮೂರು ವಾರ ಬೇರೆ ಗಿಡಗಳಿಂದ ದೂರ ಇಡಿ. ನುಸಿ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1ರಿಂದ 2 ಮಿ.ಲೀ. ದ್ರವ ಸೋಪು ಕಲಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ. ಮೊದಲ ಸಿಂಪಡಣೆಗೆ ಸಾಯದ ಮೊಟ್ಟೆಗಳು ಆಮೇಲೆ ಒಡೆಯುತ್ತವೆ.

ತರಕಾರಿ ಸಸಿ ಮತ್ತು ಹಣ್ಣಿನ ಗಿಡ ಮಾತ್ರ ರಿಯಾಯಿತಿ ರ‍್ಯಾಕಿನಿಂದ ಬೇಡವೇ ಬೇಡ. ಪುಟ್ಟ ಕುಂಡದಲ್ಲೇ ಹೂ ಬಿಟ್ಟ ಟೊಮೇಟೊ ಸಸಿ ಆಗಲೇ ದಣಿದಿರುತ್ತದೆ. ಜೊತೆಗೆ ಒಂದೇ ಕಡೆ ಬೆಳೆದು ನೂರಾರು ಮಳಿಗೆಗಳಿಗೆ ಹೋಗುವ ಸಸಿ ರೋಗವನ್ನೂ ಅಷ್ಟೇ ದೂರ ಒಯ್ಯುತ್ತದೆ. 2009ರಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಟೊಮೇಟೊ, ಆಲೂಗಡ್ಡೆ ಗಿಡಗಳನ್ನು ಕೊಳೆಸುವ ತಡ ಅಂಗಮಾರಿ (ಲೇಟ್ ಬ್ಲೈಟ್) ರೋಗ ಹಬ್ಬಿದ್ದರಲ್ಲಿ ದೊಡ್ಡ ಮಳಿಗೆಗಳಲ್ಲಿ ಮಾರಿದ ಟೊಮೇಟೊ ಸಸಿಗಳ ಪಾತ್ರವಿತ್ತು.

ಹತ್ತಾರು ವರ್ಷ ನಿಲ್ಲಬೇಕಾದ ಮರಕ್ಕೆ ನರ್ಸರಿಯೇ ಸರಿ, ಹಾಗೆಂದು ಕಣ್ಣುಮುಚ್ಚಿ ನಂಬಬೇಕಿಲ್ಲ. ಎಷ್ಟೋ ನರ್ಸರಿಗಳು ತಾವು ಬೆಳೆಸದೆ, ಸಗಟಾಗಿ ತಂದು ಮಾರುತ್ತವೆ. ಇಲ್ಲೇ ಬೆಳೆಸಿದ್ದೇ, ಬಂದು ಎಷ್ಟು ದಿನವಾಯಿತು, ಕಸಿ ಕಟ್ಟಲು ಬಳಸಿದ ಬೇರುಸಸಿ (ಬೇರು ಕೊಡುವ ಕೆಳಗಿನ ಗಿಡ) ಯಾವುದು ಎಂದು ಕೇಳಿ. ತಡವರಿಸದೆ ಉತ್ತರ ಕೊಡುವವರ ಹತ್ತಿರ ಕೊಳ್ಳಿ. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು, ಅದರ ಕೆಳಗೆ ಚಿಗುರಿರಬಾರದು. ಚೀಲವನ್ನು ಒಮ್ಮೆ ಎತ್ತಿ ನೋಡಿ: ತಳ ತೂರಿ ಬೇರು ನೆಲಕ್ಕಿಳಿದಿದ್ದರೆ ಕೀಳುವಾಗ ಮುಖ್ಯ ಬೇರೇ ತುಂಡಾಗುತ್ತದೆ, ಗಿಡ ವಾರದೊಳಗೆ ಬಾಡಬಹುದು. ಅಂಥದ್ದು ಬೇಕೇ ಬೇಕಿದ್ದರೆ ಅಲ್ಲೇ ಬೇರು ಕತ್ತರಿಸಿ, ಎರಡು ವಾರ ನೆರಳಲ್ಲಿಟ್ಟು ಆಮೇಲೆ ಕೊಡಿ ಎನ್ನಿ.